ಮಕ್ಕಳಿಗೆ ಸಕ್ಕರೆ ತೋರಿಸುವಾಗ ಮಿಲ್ ಹೌಸ್‌ನಿಂದ ಶುರು ಮಾಡಬೇಡಿ

ಸೀಸನ್ ಚಾಲೂ ಆಗಿ ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಒಂದು ಹದಕ್ಕೆ ಬಂತೆಂದರೆ ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆಗಳಿಗೆ ಶಾಲೆಗಳ ಪತ್ರ ಬರತೊಡಗುತ್ತವೆ. ಮಕ್ಕಳನ್ನು ಸುತ್ತಾಡಿಸುವ ಕೆಲಸ ಹೆಚ್ಚಾಗಿ ಲ್ಯಾಬ್‌ನವರ ಪಾಲಿಗೆ. ಒಮ್ಮೆ ಎರಡನೇ ಇಯತ್ತೆಯ ಮಕ್ಕಳು ಬ್ಯಾಗಿಂಗ್‌ತನಕ ಎಲ್ಲ ನೋಡಿ ಗೇಟಿನ ಹತ್ತಿರ ನಿಂತಿದ್ದಾಗ ಅಕ್ಕೋರು ಕೇಳಿದರು: "ಸಕ್ಕರಿ ಎಲ್ಲಿಂದ ಬರ್ತೈತಿ ಹೇಳ್ರಿ?" ಎಲ್ಲರದೂ ಒಂದೇ ಉತ್ತರ: "ಮಷಿನ್‌ದಾಗಿಂದ್ರೀ!" ಬಹಳಷ್ಟು ಮಕ್ಕಳು ಕಬ್ಬು ಬೆಳೆಯುವ ಮನೆಯವರು. ಆ ಉತ್ತರ ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಆಫೀಸಿನಿಂದ ಬರುವ ರೂಟ್ ಶೀಟ್ ಕಬ್ಬು ಅರೆಯುವ ಮಿಲ್ ಹೌಸ್‌ನಿಂದಲೇ ಶುರುವಾಗುತ್ತದೆ, ಕಬ್ಬಿನ ಗಾಡಿಗಳು ಬಂದು ನಿಲ್ಲುವ ಕೇನ್ ಯಾರ್ಡ್ ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ಮಗುವಿನ ಕಣ್ಣಿಗೆ ಬೀಳುವುದು ಇಷ್ಟೇ: ಒಂದು ಕಡೆ ದೊಡ್ಡ ಯಂತ್ರ, ಇನ್ನೊಂದು ಕಡೆ ಚೀಲ. ನಿಜವಾಗಿ ಸಕ್ಕರೆ ಮಾಡುವುದು ಕಬ್ಬಿನ ಎಲೆ. ಬಿಸಿಲು, ಗಾಳಿ, ಬೇರಿನಿಂದ ಬಂದ ನೀರು ಇವಿಷ್ಟರಿಂದ ಎಲೆ ಮಾಡಿದ ಸಿಹಿ ಕೆಳಗಿಳಿದು ಗಣಿಕೆಗಳಲ್ಲಿ ಕೂಡಿಕೊಳ್ಳುತ್ತದೆ. ಅದರೊಳಗಿನ ಸಕ್ಕರೆಯಲ್ಲದ್ದನ್ನು ಒಂದೊಂದಾಗಿ ತೆಗೆದು ಹಾಕುವುದಷ್ಟೇ ಕಾರ್ಖಾನೆಯ ಕೆಲಸ. ಏಳು ವರ್ಷದ ಮಗುವಿಗೆ ಇದೊಂದು ಮಾತು ತಲೆಗೆ ಹೋದರೆ ಸಾಕು.

ಅದಕ್ಕೆ ಸೋಗೆ, ಬೇರು ಸಮೇತ ಒಂದು ಇಡೀ ಕಬ್ಬು ತರಿಸಿಡಿ. ಕಬ್ಬನ್ನು ಮಿಲ್‌ಗೆ ಸಾಗಿಸುವ ಕೇನ್ ಕ್ಯಾರಿಯರ್‌ನಿಂದ ಎಳೆದುಕೊಂಡದ್ದು ಬೇಡ, ಅದಕ್ಕೆ ಮಣ್ಣು, ರವದಿ ಮೆತ್ತಿರುತ್ತದೆ. ಅವತ್ತೇ ಹೊಲದಿಂದ ಕಡಿದು ತಂದು ತೊಳೆದದ್ದಿರಲಿ, ಕಡಿದಿಟ್ಟ ಕಬ್ಬಿನಲ್ಲಿ ದಿನ ಕಳೆದಂತೆ ಸಕ್ಕರೆ ಒಡೆಯುತ್ತದೆ. ಬುಡದ ಗಣಿಕೆಯ ಒಂದು ತುಂಡು, ಸೋಗೆಯ ಕೆಳಗಿನ ಎಳೆ ಗಣಿಕೆಯ ಒಂದು ತುಂಡು ಕೊಟ್ಟು ಜಗಿಯಲು ಹೇಳಿ. ಬುಡದ್ದು ಸಿಹಿ, ತುದಿಯದು ಸಪ್ಪೆ. ಆಮೇಲೆ ಎರಡರ ರಸವನ್ನೂ ಒಂದೊಂದು ಹನಿ ಹ್ಯಾಂಡ್ ರಿಫ್ರ್ಯಾಕ್ಟೋಮೀಟರ್‌ಗೆ (ರಸದ ಸಿಹಿ ಅಳೆಯುವ ಕೈ ಉಪಕರಣ) ಹಾಕಿ ಬೆಳಕಿನ ಕಡೆ ಹಿಡಿದರೆ, ನೀಲಿ-ಬಿಳಿ ಗೆರೆ ಒಂದಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ ನಿಲ್ಲುವುದು ಮಕ್ಕಳಿಗೂ ಕಾಣುತ್ತದೆ. ಕಬ್ಬು ಪೂರ್ತಿ ಮಾಗಿದ ಮೇಲೆ ಬುಡ-ತುದಿಯ ಬ್ರಿಕ್ಸ್ (ಆ ಗೆರೆ ತೋರಿಸುವ ಅಳತೆ) ಹತ್ತಿರ ಬರುತ್ತದೆ. ಆದ್ದರಿಂದ ಸೀಸನ್ ಶುರುವಿನಲ್ಲಿ ಬಂದ ಶಾಲೆಗೆ ಇದು ಚೆನ್ನಾಗಿ ತಿಳಿಯುತ್ತದೆ.

ಮಿಲ್ ಹೌಸ್‌ನಲ್ಲಿ ಮಾತು ಕೇಳಿಸುವುದಿಲ್ಲ. ಹೇಳುವುದನ್ನೆಲ್ಲ ಹೊರಗೇ ಹೇಳಿ, ಒಳಗೆ ಐದು ನಿಮಿಷದಲ್ಲಿ ಮುಗಿಸಿ. ರಸ ತಿಳಿಯಾಗಿಸಲು ಗಂಧಕ ಉರಿಸುವ ಸಲ್ಫರ್ ಬರ್ನರ್ ಕಡೆ ಕರೆದೊಯ್ಯಲೇಬೇಡಿ, ಆ ಹೊಗೆಗೆ ಚಿಕ್ಕವರಿಗೆ ಕೆಮ್ಮು ಹತ್ತುತ್ತದೆ. ಚಿಕ್ಕ ಅಳತೆಯ ಹೆಲ್ಮೆಟ್ ಎಷ್ಟು ಸಲ ಬರೆದು ಕೊಟ್ಟರೂ ಬರುವುದಿಲ್ಲ. ದೊಡ್ಡವರ ಹೆಲ್ಮೆಟ್ ಕಣ್ಣು ಮುಚ್ಚುವಂತೆ ಜಾರಿದ ಮಗುವನ್ನು ಮೆಟ್ಟಿಲು ಹತ್ತಿಸುವುದು ಅಪಾಯ.

ಲೆಕ್ಕಕ್ಕೆ ಹತ್ತು ಕಿಲೋ ಕಬ್ಬಿನ ಕಟ್ಟು, ಪಕ್ಕದಲ್ಲಿ ಒಂದು ಕಿಲೋ ಸಕ್ಕರೆ ಇಡಿ. ಉಳಿದ ಒಂಬತ್ತು ಕಿಲೋ ಎಲ್ಲಿ ಹೋಯಿತು ಅಂತ ಅವರೇ ಕೇಳುತ್ತಾರೆ. ಮೂರು ಕಿಲೋದಷ್ಟು ಹಸಿ ಬಗ್ಯಾಸ್ (ರಸ ಹಿಂಡಿದ ಸಿಪ್ಪೆ), ಅದೇ ಬಾಯ್ಲರ್‌ನಲ್ಲಿ ಉರಿದು ರಸ ಕುದಿಸುತ್ತದೆ. ಅರ್ಧ ಕಿಲೋಗೆ ತುಸು ಕಡಿಮೆ ಕಾಕಂಬಿ (ಹರಳುಗಟ್ಟದೆ ಉಳಿಯುವ ಕಪ್ಪು ಪಾಕ), ಇನ್ನೊಂದಿಷ್ಟು ಪ್ರೆಸ್‌ಮಡ್ (ರಸದಿಂದ ಸೋಸಿ ತೆಗೆದ ರಾಡಿ). ಉಳಿದದ್ದು ಬಹುತೇಕ ನೀರು, ಆವಿಯಾಗಿ ಹೋಗುತ್ತದೆ.

ಕಷ್ಟದ ಗಳಿಗೆ ಬರುವುದು ರಸದ ಬೀಕರ್ ಮುಂದೆ. ಮಿಲ್‌ನಿಂದ ಬಂದ ಮಿಕ್ಸೆಡ್ ಜ್ಯೂಸ್ ಕಂದು-ಹಸಿರು, ರಾಡಿ. ಶುದ್ಧ ಮಾಡಿದ ಕ್ಲಿಯರ್ ಜ್ಯೂಸ್ ಹೊಂಬಣ್ಣ, ತಿಳಿ. ನಡುವೆ ಸುಣ್ಣದ ತಿಳಿಹಾಲು ಬೀಳುತ್ತದೆ ಎಂದ ಕೂಡಲೇ ಒಬ್ಬ ಹುಡುಗಿ ಕೇಳಿದಳು: "ಹಂಗಾರ ನಾವು ಸುಣ್ಣ ತಿಂತೀವೇನ್ರೀ ಸರ?" ಎಲ್ಲರೂ ಗಪ್ಪಾದರು, ಅಕ್ಕೋರ ಮುಖವೂ ಬಿಗಿಯಿತು. ಇಂಥಲ್ಲಿ ಮಾತು ಹಾರಿಸಿದರೆ ಮುಂದೆ ಹೇಳಿದ್ದನ್ನು ಯಾರೂ ನಂಬುವುದಿಲ್ಲ. "ಹೌದವ್ವಾ, ಸುಣ್ಣ ಹಾಕ್ತೀವಿ. ಅದು ಹೊಲಸು ಹಿಡ್ಕೊಂಡು ಅದರ ಜೋಡಿನ ತಳಕ್ಕ ಕುಂದರ್ತೈತಿ, ಮ್ಯಾಲಿನ ತಿಳಿ ಅಷ್ಟ ನಾವು ತಗೋತೀವಿ" ಅಂದು ತಳ ಕಟ್ಟಿದ ಸಿಲಿಂಡರ್ ತೋರಿಸಬೇಕು. ಆ ಸಿಲಿಂಡರ್ ಮೊದಲೇ ತಯಾರಿರಲಿ. ಸುಣ್ಣ ಬೆರೆಸಿ, ಪಿಎಚ್ 7ರ ಆಸುಪಾಸಿಗೆ ತಂದು, ಕುದಿಸಿ, ಮಡ್ ಕೂರುವತನಕ ಕಾಯಲು ಆ ವಯಸ್ಸಿಗೆ ತಾಳ್ಮೆ ಇರುವುದಿಲ್ಲ.

ಪಾಕ ಕುದಿಸಿ ಹರಳು ಕಟ್ಟಿಸುವ ಪ್ಯಾನ್ ಫ್ಲೋರ್‌ನಲ್ಲಿ ಪ್ಯಾನ್‌ಮನ್ ಪ್ರೂಫ್ ಸ್ಟಿಕ್ (ಪ್ಯಾನ್‌ನಿಂದ ಮಾದರಿ ತೆಗೆಯುವ ಕೋಲು) ಎಳೆದು ಗಾಜಿನ ಪಟ್ಟಿಗೆ ಒಂದಿಷ್ಟು ಮ್ಯಾಸಿಕ್ವಿಟ್ (ಹರಳು ಬೆರೆತ ಪಾಕ) ಸವರಿ ಬೆಳಕಿಗೆ ಹಿಡಿಯಲಿ. ಕಂದು ಪಾಕದೊಳಗೆ ಮೂಲೆ ಮೂಲೆಯಾದ ಹರಳು ಮಿನುಗುತ್ತವೆ. ಗಾಜು ಅವನ ಕೈಯಲ್ಲೇ ಇರಲಿ, ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಇಲ್ಲಿ ಬೆಲ್ಲದ ಮಾತು ತೆಗೆಯಿರಿ, ಮಹಾಲಿಂಗಪುರದ ಬೆಲ್ಲ ತಿನ್ನದ ಮಗು ಈ ಕಡೆ ಯಾವುದಿದೆ? ಗಾಣದಲ್ಲಿ ತೆರೆದ ಕೊಪ್ಪರಿಗೆಯಲ್ಲಿ ರಸ ಕುದಿಸಿ, ಹೊಲಸು ತೆಗೆದು, ಕಾಕಂಬಿ ಬೇರೆ ಮಾಡದೆ ಎಲ್ಲವನ್ನೂ ಗಟ್ಟಿಯಾಗಿಸುತ್ತಾರೆ. ಪ್ಯಾನ್‌ನಲ್ಲಿ ಗಾಳಿ ಎಳೆದು ವ್ಯಾಕ್ಯೂಮ್ ಮಾಡುವುದರಿಂದ ಪಾಕ 65-70 ಡಿಗ್ರಿಗೇ ಕುದಿಯುತ್ತದೆ, ಕಪ್ಪಾಗುವುದು ಕಡಿಮೆ. ಮುಂದೆ ಸೆಂಟ್ರಿಫ್ಯೂಗಲ್, ಮನೆಯ ವಾಷಿಂಗ್ ಮಷಿನ್ ಬಟ್ಟೆಯ ನೀರು ಹಿಂಡುವ ಹಾಗೆ, ಕಾಕಂಬಿಯನ್ನು ಜಾಳಿಗೆಯಾಚೆ ಎಸೆಯುತ್ತದೆ. ಸಕ್ಕರೆಗೆ ಬಿಳಿ ಬಣ್ಣ ಹಚ್ಚುತ್ತಾರೆಂದು ನಂಬಿದ ಮಕ್ಕಳು ಬಹಳ. ಕಪ್ಪು ಕಾಗದದ ಮೇಲೆ ಎಲ್-30ರ (ದಪ್ಪ ಹರಳಿನ ಸಕ್ಕರೆಯ ದರ್ಜೆ) ಒಂದೇ ಹರಳಿಟ್ಟು ಭೂತಗಾಜು ಕೊಡಿ. ಅದಕ್ಕೆ ಬಣ್ಣವೇ ಇಲ್ಲವೆಂದು ತಾವೇ ಹೇಳುತ್ತಾರೆ.

ಶಾಲೆಗೆ ಮರಳಿದ ಮೇಲೆ ಕಲ್ಲುಸಕ್ಕರೆ ಬೆಳೆಸಲು ಹೇಳಿ. ಒಂದು ಲೋಟ ಕುದಿಯುವ ನೀರಿಗೆ ಮೂರು ಲೋಟ ಸಕ್ಕರೆ. ಒಂದು ಹರಳೂ ಉಳಿಯದಂತೆ ಕರಗಿಸುವುದು ಅಕ್ಕೋರ ಕೆಲಸ. ಹತ್ತಿ ದಾರವನ್ನು ಪಾಕದಲ್ಲಿ ಅದ್ದಿ, ಸಕ್ಕರೆಯಲ್ಲಿ ಹೊರಳಿಸಿ, ಪೂರ್ತಿ ಒಣಗಿಸಿ, ಪಾಕ ತಣಿದ ಮೇಲೆ ಇಳಿಬಿಡಬೇಕು. ಬಿಸಿಯಿರುವಾಗಲೇ ಬಿಟ್ಟರೆ ದಾರದ ಹರಳೆಲ್ಲ ಕರಗಿ ಹೋಗುತ್ತವೆ. ಲೋಟ ಅಲುಗಾಡಿಸಿದರೆ ಹರಳು ದಾರ ಬಿಟ್ಟು ತಳದಲ್ಲಿ ಕಟ್ಟುತ್ತವೆ. ಮೇಲೆ ಪದರ ಕಟ್ಟಿದರೆ ಚಮಚದಿಂದ ಮೆಲ್ಲಗೆ ಎತ್ತಿ ತೆಗೆಯಿರಿ, ವಾರದೊಳಗೆ ದಾರದ ಹರಳು ದಪ್ಪವಾಗುತ್ತವೆ.