ತೊಗರಿ ಸಾಲಿನ ನಡುವೆ

ಬೆಳಿಗ್ಗೆ ಕಾಕಾನ ಜೊತೆ ಹೊಲಕ್ಕೆ ಹೋಗಿದ್ದೆ. ತೊಗರಿ ಆಳೆತ್ತರ ಬೆಳೆದು ಹಳದಿ ಹೂವು ಬಿಟ್ಟಿದೆ. ಕಾಕಾ ಒಂದು ಎಲೆ ಕಿತ್ತು ತೋರಿಸಿದರು.

"ನೋಡು ತಮ್ಮಾ, ತೊಗರಿಗೆ ಒಂದು ತೊಟ್ಟಿಗೆ ಮೂರೇ ಎಲೆ. ಬೆರಳು ಚಾಚಿದ ಹಾಗೆ ಐದೋ ಏಳೋ ಇದ್ದು, ಅಂಚು ಗರಗಸದಂತಿದ್ದರೆ ಗಾಂಜಾ. ಕಂಡರೆ ನನಗೆ ಹೇಳು."

ಇಷ್ಟು ಎತ್ತರದ ಬೆಳೆಯೊಳಗೆ ಯಾರೋ ನಾಲ್ಕು ಗಿಡ ನೆಟ್ಟು ಹೋದರೂ ರಸ್ತೆಗೆ ಕಾಣಲ್ಲ, ಅಲ್ವಾ? 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಬೆಳೆದವರಿಗೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮಳೆ ಕೈಕೊಟ್ಟು ಸಾಲ ಕುತ್ತಿಗೆಗೆ ಬಂದವನ ಕೈಗೆ ಮುಂಗಡ ಇಟ್ಟು ಇದನ್ನು ಬೆಳೆಸುವವನ ಮೇಲೆ ನನಗೆ ಜಾಸ್ತಿ ಸಿಟ್ಟು. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನುವ ಅಧಿಕೃತ ಗುರುತು) ಸಿಕ್ಕಿತು, ಒಳ್ಳೆಯ ರೇಟೂ ಸಿಗಬೇಕು.

ಇನ್ನೆರಡು ಸಾಲು ನೋಡಿ ಬರ್ತೀನಿ ಅಂತ ಕಾಕಾ ಮತ್ತೆ ಒಳಗೆ ಹೋದರು.