ಯಜಮಾನ್ರು ನೋಟು ತಂದಿದ್ದರು, ನಾನು ಲೋನ್ ಮಾಡಿಸಿದೆ

2024ರ ಆಯುಧಪೂಜೆಯ ಹಿಂದಿನ ದಿನ. ತಿಪಟೂರಿನ ನಮ್ಮ ಟೂ ವೀಲರ್ ಶೋರೂಮಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಆಗದ ಗಾಡಿಗಳು ಹಿಂದೆ ಸಾಲಾಗಿ ನಿಂತಿದ್ದವು. ಫೈನಾನ್ಸ್ ಹುಡುಗರು ಡಿಓಗೆ, ಅಂದರೆ ಲೋನ್ ಪಾಸಾಯಿತು, ಗಾಡಿ ಕೊಡಿ ಅನ್ನುವ ಡೆಲಿವರಿ ಆರ್ಡರಿಗೆ ಕಾಯುತ್ತಾ ಕೂತಿದ್ದರು. ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಒಂದೇ ಮಾತು ಹೇಳಿದ್ದರು: "ಈ ತಿಂಗಳು ಪೆನಿಟ್ರೇಷನ್ ಅರವತ್ತು ದಾಟಲೇಬೇಕು. ಕ್ಯಾಶ್ ಕಸ್ಟಮರ್ ಬಂದ್ರೂ ಮೊದಲು ಲೋನ್ ಮಾತಾಡಿ." ಪೆನಿಟ್ರೇಷನ್ ಅಂದರೆ ಮಾರಿದ ನೂರು ಗಾಡಿಯಲ್ಲಿ ಲೋನ್ ಮೇಲೆ ಹೋದವು ಎಷ್ಟು ಅನ್ನುವ ಲೆಕ್ಕ.

ಹನ್ನೊಂದು ಗಂಟೆಗೆ ಯಜಮಾನ್ರು ಬಂದರು. ಅರವತ್ತರ ಆಸುಪಾಸು, ಪಕ್ಕದ ಹಳ್ಳಿಯ ತೆಂಗಿನ ತೋಟದವರು. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿ ಸುಲಿಸಿ, ಕೊಬ್ಬರಿ ಮಾರಿ, ಬಟ್ಟೆ ಚೀಲದಲ್ಲಿ ಐನೂರರ ಕಟ್ಟು ತಂದಿದ್ದರು. ಗಾಡಿ ಆನ್ ರೋಡ್ 1,02,000. ಚೀಲದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು.

"ಯಜಮಾನ್ರೆ, ಅಷ್ಟೂ ದುಡ್ಡು ಯಾಕೆ ಇಲ್ಲೇ ಸುರಿತೀರಾ?" ಅಂದೆ. "24,500 ಕಟ್ಟಿ ಸಾಕು. ಮಿಕ್ಕಿದ್ದು ನಿಮ್ಮ ಹತ್ರಾನೇ ಇರಲಿ, ಕಷ್ಟಕ್ಕಾಗುತ್ತೆ. ಬಡ್ಡಿ ಬರೀ ಹನ್ನೆರಡು ಪರ್ಸೆಂಟು. ತಿಂಗಳಿಗೆ 4,133. ಹಾಲಿನ ದುಡ್ಡಲ್ಲೇ ಹೋಗುತ್ತೆ."

ಅವರು ಚೀಲದ ಬಾಯಿ ಹಿಡಿದುಕೊಂಡೇ ಯೋಚನೆ ಮಾಡಿದರು. "ಸಾಲ ಅಂದ್ರೆ ನಂಗೆ ಆಗಲ್ಲಪ್ಪಾ" ಅಂದರು. ಆಮೇಲೆ, "ನೀನು ಈ ಕಡೆ ಹುಡುಗ, ನೀನೇ ಹೇಳ್ತೀಯಾ ಅಂದ್ರೆ ಸರಿ ಬಿಡು."

ಹದಿನೈದು ನಿಮಿಷದಲ್ಲಿ ಲೋನ್ ಅರ್ಜಿ ಲಾಗಿನ್ ಆಯಿತು. 80,000 ಸಾಲ, 24 ಕಂತು. ಸಂಜೆಗೆ ಡಿಓ ಬಂತು. ಮರುದಿನ ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣು ಇಡಿಸಿ ನಾನೇ ಕೀ ಕೊಟ್ಟೆ.

ಮುಂದಿನ ಜೂನ್‌ನಲ್ಲಿ ಅವರು ಮತ್ತೆ ಬಂದರು. ಈ ಸಲ ಚೀಲದಲ್ಲಿ ಕಾಗದ ಇತ್ತು. ಕೌಂಟರಿನಲ್ಲಿ ನಾಲ್ಕೈದು ಜನ ಕಸ್ಟಮರ್ ಕೂತಿದ್ದರು. ಕಾಗದವನ್ನು ನನ್ನ ಮುಂದೆ ಹರಡಿ, ಮೆಲ್ಲಗೆ ಕೇಳಿದರು: "ನೀನು ಹನ್ನೆರಡು ಅಂದಿದ್ದೆ ಅಲ್ವಾ? ನಮ್ಮ ಹುಡುಗ ಇದರಲ್ಲಿ ಇಪ್ಪತ್ತೈದು ಅಂತ ಬರೆದದೆ ಅಂತಾನೆ."

ಅವರು ಬೆರಳಿಟ್ಟಿದ್ದು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರದ ಹಾಳೆಯ ಎಪಿಆರ್ ಸಾಲಿನ ಮೇಲೆ. ಚಾರ್ಜೆಲ್ಲ ಸೇರಿದ ವರ್ಷದ ಬಡ್ಡಿ ದರ ಅದು. ಉಗುರಿನ ಸಂದಿಯಲ್ಲಿ ತೋಟದ ಮಣ್ಣು. 24.9 ಅಂತ ಅಚ್ಚಾಗಿತ್ತು. ಅಕ್ಟೋಬರ್ 1, 2024ರಿಂದ ಇಂಥ ಸಾಲಕ್ಕೆಲ್ಲ ಆ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಅವತ್ತು ಆ ಹಾಳೆಗೂ ನಾನೇ ಸೈನ್ ಹಾಕಿಸಿದ್ದೆ. ಸೈನ್ ಎಲ್ಲಿ ಅಂತ ತೋರಿಸಿದ್ದೆನೇ ಹೊರತು ಒಂದು ಸಾಲನ್ನೂ ಓದಿ ಹೇಳಿರಲಿಲ್ಲ.

ನಾನು ಹೇಳಿದ್ದು ಫ್ಲಾಟ್ ಹನ್ನೆರಡು. ಅಸಲು ತಿಂಗಳು ತಿಂಗಳು ಕಡಿಮೆ ಆಗುತ್ತಿದ್ದರೂ ಎರಡು ವರ್ಷವೂ ಪೂರ್ತಿ 80,000ದ ಮೇಲೆ ಬಡ್ಡಿ. ಒಟ್ಟು 19,200. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಬಡ್ಡಿ ಇಪ್ಪತ್ತೊಂದೂವರೆ ದಾಟುತ್ತದೆ. ಪ್ರೊಸೆಸಿಂಗ್, ಡಾಕ್ಯುಮೆಂಟ್ ಅಂತ ಮೊದಲ 24,500ದಲ್ಲೇ ಹಿಡಿದ 2,500 ಸೇರಿಸಿದರೆ ಹತ್ತಿರತ್ತಿರ ಇಪ್ಪತ್ತೈದು. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನನಗಿದು ಗೊತ್ತಿತ್ತು. ಅವರಿಗೆ ಹೇಳಬೇಕು ಅಂತ ಅನಿಸಿರಲಿಲ್ಲ.

ಮ್ಯಾನೇಜರ್ ಕ್ಯಾಬಿನ್ನಿಂದ ನೋಡುತ್ತಿದ್ದರು. ಕೂತಿದ್ದ ಕಸ್ಟಮರುಗಳು ಮಾತು ನಿಲ್ಲಿಸಿದ್ದರು. "ಅದು ಬೇರೆ ಲೆಕ್ಕ ಯಜಮಾನ್ರೆ" ಅಂತ ಬಾಯಿವರೆಗೆ ಬಂತು. ಹೇಳಲಿಲ್ಲ. "ಹೌದು, ಇದರಲ್ಲಿ ಇರೋದೇ ಸರಿ. ನಾನು ಸರಿಯಾಗಿ ಹೇಳಲಿಲ್ಲ" ಅಂದೆ. ಅವರು ಬೈದಿದ್ದರೆ ವಾಸಿ ಇತ್ತು. ಸುಮ್ನೆ ತಲೆ ಆಡಿಸಿದರು.

ಅದಕ್ಕಿಂತ ದೊಡ್ಡ ತಪ್ಪು ಹಾಲಿನ ದುಡ್ಡಿನ ಲೆಕ್ಕ. ನಮ್ಮ ಮನೆಯಲ್ಲೂ ಹಸು ಇದೆ. ಗಬ್ಬದ ಹಸು ಬತ್ತಿದರೆ ತಿಂಗಳುಗಟ್ಟಲೆ ಡೇರಿಯಿಂದ ಏನೂ ಬರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಹಸು ಫೆಬ್ರವರಿ ಕೊನೆಗೆ ಬತ್ತಿತು. ಮೂರು ಕಂತು ಬೌನ್ಸ್ ಆಯಿತು, ಒಂದೊಂದಕ್ಕೆ 590 ಚಾರ್ಜು. ಉಳಿಸಿಕೊಳ್ಳಿ ಅಂತ ನಾನೇ ಹೇಳಿದ್ದ ಕೊಬ್ಬರಿ ದುಡ್ಡು ಅಷ್ಟೂ ಹೊತ್ತು ಊರಿನ ಸೊಸೈಟಿ ಪಾಸ್‌ಬುಕ್ಕಿನಲ್ಲಿ ಹಾಗೇ ಇತ್ತು. ಕಂತು ತಾನಾಗೇ ಕಡಿದುಕೊಳ್ಳುವ ಮ್ಯಾಂಡೇಟ್ ಮಾತ್ರ ಡೇರಿ ದುಡ್ಡು ಬೀಳುವ ಅಕೌಂಟಿನ ಮೇಲಿತ್ತು. ಮೆಸೇಜೆಲ್ಲ ಇಂಗ್ಲಿಷಿನಲ್ಲಿ. ವಿಷಯ ಗೊತ್ತಾಗಿದ್ದು ಕಲೆಕ್ಷನ್ ಹುಡುಗ ಮನೆ ಮುಂದೆ ನಿಂತು ಹೆಸರು ಹಿಡಿದು ಕೂಗಿದಾಗ. ಬೌನ್ಸ್ ಆದ ಮೂರೂ ಕಂತು ಕಟ್ಟಿ ಮುಗಿಸಿಯೇ ಅವರು ನನ್ನ ಹತ್ತಿರ ಬಂದಿದ್ದು. "ಅಕ್ಕಪಕ್ಕದೋರೆಲ್ಲ ಹೊರಗೆ ಬಂದ್ರು ಕಣಪ್ಪಾ" ಅಂದಾಗ ಅವರ ಮುಖ ನೋಡಲು ನನಗಾಗಲಿಲ್ಲ.

ಲೋನ್ ಕ್ಲೋಸ್ ಮಾಡ್ತೀನಿ ಅಂದರು. ನನ್ನ ವೀಕ್ ಆಫ್ ದಿನ ಜೊತೆಗೆ ಬ್ರಾಂಚಿಗೆ ಹೋದೆ. ಎಂಟು ಕಂತು, ಅಂದರೆ 33,000 ಕಟ್ಟಿದ್ದರೂ ಬಾಕಿ ಅಸಲು 57,016. ಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಕೊನೆಯ ಕಂತುಗಳಿಗಿಂತ ಜಾಸ್ತಿ ಇರುತ್ತದೆ ಅಂತ ಅವರಿಗೆ ಅಲ್ಲೇ ಬೆಂಚಿನ ಮೇಲೆ ಬರೆದು ತೋರಿಸಿದೆ. ಅವಧಿಗೆ ಮುಂಚೆ ಸಾಲ ಮುಗಿಸುವುದಕ್ಕೆ ಫೋರ್‌ಕ್ಲೋಷರ್ ಚಾರ್ಜು, ಜಿಎಸ್‌ಟಿ ಸೇರಿ ಇನ್ನೊಂದು 2,690. ಮೊದಲು ಕಟ್ಟಿದ್ದು, ಬೌನ್ಸ್ ಚಾರ್ಜು ಎಲ್ಲ ಕೂಡಿದರೆ, ಅವತ್ತೇ ಪೂರ್ತಿ ನೋಟು ಎಣಿಸಿ ಕೊಟ್ಟಿದ್ದರೆ ಆಗುತ್ತಿದ್ದಕ್ಕಿಂತ ಹದಿನೇಳು ಸಾವಿರ ಜಾಸ್ತಿ ಹೋಗಿತ್ತು. ಎಂಟೇ ತಿಂಗಳಿಗೆ.

ಸಾಲ ತೀರಿದೆ ಅನ್ನುವ ಎನ್‌ಒಸಿ ಬಂದ ಮೇಲೆ ಫಾರ್ಮ್ 35 ಎರಡು ಪ್ರತಿ ತುಂಬಿಸಿ, ಆರ್‌ಸಿಯಲ್ಲಿದ್ದ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ತೆಗೆಸಿಕೊಟ್ಟೆ. ಎಷ್ಟೋ ಜನ ಕೊನೆ ಕಂತು ಕಟ್ಟಿ ಇದನ್ನು ಮರೆತುಬಿಡುತ್ತಾರೆ, ಗಾಡಿ ಮಾರುವಾಗ ಒದ್ದಾಡುತ್ತಾರೆ. ಆರ್‌ಸಿ ಕೈಗೆ ಕೊಟ್ಟಾಗ ಯಜಮಾನ್ರು ಕೇಳಿದ್ದು ಒಂದೇ. "ಈಗ ಗಾಡಿ ನಂದೇನಪ್ಪಾ?"

ಲೋನೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೋದ ವರ್ಷ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕ ಚೀಟಿ ಎತ್ತಿದ ಪೂರ್ತಿ ದುಡ್ಡು ಸ್ಕೂಟರಿಗೆ ಹಾಕಲು ಬಂದಿದ್ದರು. ಅವರ ತಾಯಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಅರ್ಧ ಕಟ್ಟಿಸಿ, ಮಿಕ್ಕಿದ್ದಕ್ಕೆ ಹನ್ನೆರಡು ತಿಂಗಳ ಲೋನ್ ಮಾಡಿಸಿದೆ. ಪ್ರತಿ ತಿಂಗಳು ಸಂಬಳ ಬೀಳುವ ಅಕೌಂಟ್ ಅವರದು, ಕಂತಿನ ತಾರೀಖನ್ನೂ ಅದರ ನಂತರಕ್ಕೇ ಇಡಿಸಿದೆ. ವರ್ಷಕ್ಕೊಮ್ಮೆ ಕೊಬ್ಬರಿ ಮಾರುವವರಿಗೆ ತಿಂಗಳ ಕಂತು ಕಟ್ಟಿಕೊಟ್ಟವನು ನಾನು. ಅದು ನನ್ನ ತಪ್ಪು.

ಕ್ಯಾಶ್ ಕೊಟ್ಟರೆ ಡಿಸ್ಕೌಂಟ್ ಜಾಸ್ತಿ ಅಂತ ಬರುವವರಿಗೂ ಈಗ ನಿಜ ಹೇಳುತ್ತೇನೆ. ನಮಗೆ ಪೇಔಟ್, ಅಂದರೆ ಕಮಿಷನ್, ಬರುವುದು ಲೋನ್ ಫೈಲಿನಿಂದ, ನೋಟಿನಿಂದಲ್ಲ. ಅದಕ್ಕೇ ನಾವು ಲೋನ್ ಲೋನ್ ಅಂತ ಬಡಿದುಕೊಳ್ಳುವುದು. ಅಂದಹಾಗೆ ಎರಡು ಲಕ್ಷ ಮುಟ್ಟುವ ಗಾಡಿಗೆ ನೋಟಿನಲ್ಲಿ ಪೂರ್ತಿ ತಗೊಳ್ಳುವ ಹಾಗೂ ಇಲ್ಲ. 2017ರಿಂದ ಆದಾಯ ತೆರಿಗೆ ಕಾನೂನಿನಲ್ಲೇ ಅದಕ್ಕೆ ತಡೆ ಇದೆ. ಆರ್‌ಟಿಜಿಎಸ್ ಮಾಡಿಸಿ.

ನಮ್ಮ ಕೊಟೇಶನ್ ಸಾಫ್ಟ್‌ವೇರಿನಲ್ಲಿ ಇಎಂಐಗೆ ದಪ್ಪ ಅಕ್ಷರದ ಡಬ್ಬಿ ಇದೆ. ಒಟ್ಟು ಎಷ್ಟು ಕಟ್ಟುತ್ತೀರಿ ಅನ್ನುವುದಕ್ಕೆ ಜಾಗವೇ ಇಲ್ಲ. ಎರಡು ಸಲ ಮೇಲ್ ಹಾಕಿದೆ, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಕೊಟೇಶನ್ ಹಿಂದುಗಡೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ: ಕ್ಯಾಶ್ ಆದರೆ ಇಷ್ಟು, ಲೋನ್ ಆದರೆ ಒಟ್ಟು ಇಷ್ಟು, ಕಂತು ಯಾವ ಅಕೌಂಟಿನಿಂದ. ಪೆನಿಟ್ರೇಷನ್ ಶೀಟಿನಲ್ಲಿ ನನ್ನ ಹೆಸರು ಮೂರು ತಿಂಗಳಿಂದ ಕೆಂಪಲ್ಲಿದೆ.