ತಿರುಗುಮುರುಗು ಫೋಟೋ ಮತ್ತು ನನ್ನ ಓಸಿಂಟ್ ಹುಚ್ಚು

ಕಳೆದ ವರ್ಷ ಗೆಳೆಯನೊಬ್ಬ ಒಂದು ಸೆಲ್ಫಿ ಕಳಿಸಿ, "ಇದು ಎಲ್ಲಿ ತೆಗೆದಿದ್ದು ಹೇಳು ನೋಡೋಣ" ಅಂದ. ಅವನ ಹಿಂದೆ ಒಂದು ಕಿಟಕಿ. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು, ಒಂದು ಮೊಬೈಲ್ ಟವರ್, ಇಳಿಜಾರು ಮಾಡಿನ ಎರಡು ಕಟ್ಟಡ. ಅಷ್ಟೇ. ನಾನು ಗೂಗಲ್ ಅರ್ಥ್ ತೆರೆದು ಕೂತೆ. ಒಂದೂವರೆ ಗಂಟೆ ತಡಕಾಡಿ, "ಸಿಕ್ತು!" ಅಂತ ಪಿನ್ ಕಳಿಸಿದೆ. ಅವನು ಜೋರಾಗಿ ನಕ್ಕ. ನಾನು ತೋರಿಸಿದ್ದು ಟ್ಯಾಂಕಿನ ಆಚೆ ಬದಿಯ ಕಟ್ಟಡ, ಅವನು ಇದ್ದಿದ್ದು ಈಚೆ ಬದಿಯಲ್ಲಿ. ಟ್ಯಾಂಕು ಎಡಕ್ಕೆ, ಟವರ್ ಬಲಕ್ಕೆ ಅಂತ ಹೊಂದಿಸಿಕೊಂಡು ಹೋಗಿದ್ದೆ, ಆದರೆ ಅವನ ಫೋನು ಸೆಲ್ಫಿಯನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಉಳಿಸಿತ್ತು. ಅವನ ಟೀ ಶರ್ಟಿನ ಮೇಲಿನ ಅಕ್ಷರಗಳೆಲ್ಲ ಉಲ್ಟಾ ಇದ್ದವು. ನಾನು ಅದನ್ನು ನೋಡೇ ಇರಲಿಲ್ಲ. ಕಿಟಕಿಯನ್ನೇ ದಿಟ್ಟಿಸುತ್ತಾ ಕೂತಿದ್ದೆ.

ನನಗೆ ಬೇಜಾರಾಗಿದ್ದು ತಪ್ಪಿದ್ದಕ್ಕಲ್ಲ. ತಪ್ಪಾಗಿರಬಹುದು ಅನ್ನೋ ಅನುಮಾನವೇ ಒಂದು ಕ್ಷಣವೂ ಬರಲಿಲ್ಲವಲ್ಲ, ಅದಕ್ಕೆ.

ಓಸಿಂಟ್ (ಓಪನ್ ಸೋರ್ಸ್ ಇಂಟೆಲಿಜೆನ್ಸ್) ಅಂದರೆ ಎಲ್ಲರಿಗೂ ತೆರೆದಿರುವ ಮಾಹಿತಿಯಿಂದಲೇ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ಹ್ಯಾಕಿಂಗ್ ಅಲ್ಲ. ಸೋರಿಹೋದ ಪಟ್ಟಿಯಲ್ಲಿ ಯಾರದ್ದೋ ಪಾಸ್‌ವರ್ಡ್ ಸಿಕ್ಕಿತು ಅಂತ ಅದನ್ನು ಹಾಕಿ ನೋಡಿದರೆ ಆ ಕ್ಷಣಕ್ಕೇ ಅದು ಸಂಶೋಧನೆಯಾಗಿ ಉಳಿಯುವುದಿಲ್ಲ, ಅಪರಾಧ ಆಗುತ್ತದೆ.

ಈ ಹುಚ್ಚು ನನಗೆ ಹತ್ತಿದ್ದು ಎಂಎಚ್17 ಅನ್ನೋ ಮಲೇಷ್ಯಾ ಏರ್‌ಲೈನ್ಸ್ ಪ್ರಯಾಣಿಕರ ವಿಮಾನದ ಕಥೆಯಿಂದ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಆ ವಿಮಾನವನ್ನು ಹೊಡೆದುರುಳಿಸಿದರು, 298 ಜನ ಸತ್ತರು. ಬೆಲಿಂಗ್‌ಕ್ಯಾಟ್ ಅನ್ನೋ ಓಸಿಂಟ್ ತನಿಖಾ ತಂಡ ಶುರುವಾಗಿ ಆಗ ಕೆಲವೇ ದಿನ ಆಗಿತ್ತು. ಅವರು ಮಾಡಿದ್ದು ಏನು? ದಾರಿಹೋಕರು ತೆಗೆದು ಹಾಕಿದ್ದ ಫೋಟೋ, ವಿಡಿಯೋಗಳನ್ನು ಗುಡ್ಡೆ ಹಾಕಿಕೊಂಡರು. ಟ್ರೇಲರ್ ಮೇಲೆ ಹೋಗುತ್ತಿದ್ದ ಬುಕ್ ಕ್ಷಿಪಣಿ ವಾಹನ ಪ್ರತಿ ಚಿತ್ರದಲ್ಲೂ ಯಾವ ರಸ್ತೆಯಲ್ಲಿದೆ ಅಂತ ಗುರುತಿಸಿದರು. ಅದರ ಪಕ್ಕದ ತಗಡಿನ ತಗ್ಗು, ಗೀರುಗಳನ್ನು ಕೆಲವು ವಾರ ಮೊದಲು ರಷ್ಯಾದೊಳಗೆ ಸಾಗುತ್ತಿದ್ದ ಸೇನಾ ಸಾಲಿನ ಚಿತ್ರಗಳ ಜೊತೆ ಹೋಲಿಸಿದರು. ಆ ವಾಹನ ರಷ್ಯಾದ 53ನೇ ವಿಮಾನ ನಿರೋಧಕ ಬ್ರಿಗೇಡಿನದು ಅಂತ ಹಲವು ದೇಶಗಳ ಜಂಟಿ ತನಿಖಾ ತಂಡ ಹೇಳಿದ್ದು 2018ರಲ್ಲಿ. ಡಚ್ ನ್ಯಾಯಾಲಯದ ತೀರ್ಪು ಬಂದಿದ್ದು 2022ರ ನವೆಂಬರಿನಲ್ಲಿ. ಎಂಟು ವರ್ಷ! ನಾನು ಒಂದೂವರೆ ಗಂಟೆಯಲ್ಲಿ ಪಿನ್ ಕಳಿಸಿದ್ದೆ.

ಈಗ ನನ್ನ ಮೊದಲ ಕೆಲಸ ಹುಡುಕುವುದಲ್ಲ, ಉಳಿಸಿಕೊಳ್ಳುವುದು. ಪೋಸ್ಟುಗಳು ಯಾವಾಗ ಮಾಯ ಆಗುತ್ತವೋ ಹೇಳೋಕಾಗಲ್ಲ. ಕೊಂಡಿ, ಪೂರ್ತಿ ಪುಟದ ಸ್ಕ್ರೀನ್‌ಶಾಟ್, ನಾನು ನೋಡಿದ ಸಮಯ, ಮೂಲ ಫೈಲು, ಇಷ್ಟನ್ನೂ ಒಂದೇ ಕಡೆ ಇಡುತ್ತೇನೆ. ಸಮಯವನ್ನು ಯುಟಿಸಿಯಲ್ಲೇ (ಇಡೀ ಜಗತ್ತಿಗೆ ಒಂದೇ ಆದ ಸಮಯ) ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಎರಡು ದೇಶದ ವಿಡಿಯೋ ಹೋಲಿಸುವಾಗ ತಲೆ ಕೆಟ್ಟುಹೋಗುತ್ತದೆ. ಫೈಲಿಗೆ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ) ತೆಗೆದಿಟ್ಟರೆ, ಆಮೇಲೆ ಅದರಲ್ಲಿ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ. ಸಾರ್ವಜನಿಕ ಪುಟವಾದರೆ, ವೆಬ್ ಪುಟಗಳ ಹಳೇ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷಿನ್‌ಗೂ ಹಾಕುತ್ತೇನೆ. ಆದರೆ ಯೋಚಿಸಿ ಹಾಕಬೇಕು: ನೊಂದವರ ಪೋಸ್ಟನ್ನು ಅಲ್ಲಿ ಉಳಿಸಿದರೆ, ನಾಳೆ ಅವರು ತಾವೇ ಅಳಿಸಿದರೂ ಅದು ಜಗತ್ತಿನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಂಥದ್ದು ನನ್ನ ಡಿಸ್ಕಿನಲ್ಲಿ, ಬೀಗ ಹಾಕಿಕೊಂಡು ಇದ್ದರೆ ಸಾಕು.

ಫೋಟೋ ಹುಡುಕಲು ಒಂದೇ ಟೂಲ್ ನಂಬಬೇಡಿ. ಟಿನ್‌ಐ ಅದೇ ಚಿತ್ರದ ನಕಲುಗಳನ್ನು ಹುಡುಕುತ್ತದೆ, ಹಳೆಯದು ಮೊದಲು ಬರುವಂತೆ ಜೋಡಿಸಿಯೂ ಕೊಡುತ್ತದೆ. ಯಾವುದೋ ಹಳೇ ಪ್ರವಾಹದ ಚಿತ್ರವನ್ನು "ಇವತ್ತಿನದು" ಅಂತ ಹಂಚುವವರನ್ನು ಹಿಡಿಯೋಕೆ ಇದು ಸಾಕು. ಗೂಗಲ್ ಲೆನ್ಸ್, ಯಾಂಡೆಕ್ಸ್ ಹೋಲುವ ಚಿತ್ರಗಳನ್ನೂ ತೋರಿಸುತ್ತವೆ. ಆದರೆ ಸಿಕ್ಕಿದ್ದರಲ್ಲಿ ಹಳೆಯದು ಅಂದರೆ ಮೊಟ್ಟಮೊದಲನೆಯದು ಅಂತಲ್ಲ. ಹಾಗೇ ನೀವು ಅಲ್ಲಿ ಹಾಕಿದ ಚಿತ್ರ ಇನ್ನೊಬ್ಬರ ಸರ್ವರಿಗೆ ಹೋಯಿತು ಅನ್ನೋದು ನೆನಪಿರಲಿ. ಎಐ ಚಾಟ್‌ಬಾಟುಗಳಿಗೂ ಇದೇ ಮಾತು. ಅವು ಜಾಗ ಊಹಿಸುತ್ತವೆ, ಕೆಲವು ಸಲ ಚೆನ್ನಾಗೇ ಊಹಿಸುತ್ತವೆ, ಆದರೆ ಸರಿ ಇದ್ದಾಗಲೂ ತಪ್ಪಿದ್ದಾಗಲೂ ಅದೇ ಗತ್ತು. ಥೇಟ್ ನನ್ನ ಹಾಗೆ.

ನೆರಳಿನ ಲೆಕ್ಕ ನನಗೆ ತುಂಬಾ ಇಷ್ಟ. ಕಂಬದ ಎತ್ತರ, ಅದರ ನೆರಳಿನ ಉದ್ದ, ಇವೆರಡರ ಅನುಪಾತ ಸಿಕ್ಕರೆ ಸೂರ್ಯ ಎಷ್ಟು ಮೇಲಿದ್ದ ಅಂತ ಹೇಳಬಹುದು. ಎರಡೂ ಸಮ ಇದ್ದರೆ 45 ಡಿಗ್ರಿ. ಜಾಗ ಗೊತ್ತಿದ್ದರೆ, ಸೂರ್ಯನ ಸ್ಥಾನ ತೋರಿಸುವ ಸನ್‌ಕ್ಯಾಲ್ಕ್‌ನಲ್ಲಿ ಸಮಯ ಹಿಂದೆ ಮುಂದೆ ಎಳೆದು ಹೊಂದಿಸಿ ನೋಡಬಹುದು. 2018ರಲ್ಲಿ ಬಿಬಿಸಿ ಆಫ್ರಿಕಾ ಐ ತಂಡ ಕ್ಯಾಮರೂನಿನ ಹತ್ಯೆಯ ವಿಡಿಯೋ ಒಂದನ್ನು ಹೀಗೇ ಬಿಡಿಸಿತು. ಹಿಂದೆ ಕಾಣುತ್ತಿದ್ದ ಬೆಟ್ಟದ ಸಾಲನ್ನು ಗೂಗಲ್ ಅರ್ಥ್ ಜೊತೆ ಹೊಂದಿಸಿ ಜಾಗ ಹಿಡಿದರು, ಉಪಗ್ರಹ ಚಿತ್ರದಲ್ಲಿ ಮನೆಗಳು ಎದ್ದಿದ್ದು ಬಿದ್ದಿದ್ದು ನೋಡಿ, ನೆರಳನ್ನೂ ಅಳೆದು, ಅದು 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ ಅಂದರು. ಗಮನಿಸಿ, ಒಂದು ದಿನ ಅಂತ ಹೇಳಲಿಲ್ಲ, ಒಂದು ಅವಧಿ ಹೇಳಿದರು. ಯಾಕೆಂದರೆ ನೆರಳು ಮೋಸ ಮಾಡುತ್ತದೆ. ಬೆಳಗ್ಗೆ ಇದ್ದ ಉದ್ದ ಮಧ್ಯಾಹ್ನದ ಮೇಲೆ ಇನ್ನೊಂದು ಸಲ ಬರುತ್ತದೆ, ಏಪ್ರಿಲ್ 20ರ ನೆರಳಿಗೂ ಆಗಸ್ಟ್ 22ರ ನೆರಳಿಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರುವುದಿಲ್ಲ. ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಹಾಗೇ, ಸುಮಾರು 5 ದಿನಕ್ಕೊಂದು ಬರುತ್ತವೆ, ಆದರೆ ಒಂದು ಪಿಕ್ಸೆಲ್ ಅಂದರೆ 10 ಮೀಟರ್. ಅದರಲ್ಲಿ ಸುಟ್ಟ ಕಾಡು ಕಾಣುತ್ತದೆ, ಕಾರು ಕಾಣುವುದಿಲ್ಲ. "ಚುಕ್ಕೆ ಕಾಣ್ತಿದೆ, ಅದು ಟ್ಯಾಂಕರ್ರೇ" ಅನ್ನೋರನ್ನು ಸುಮ್ನೆ ನಂಬಬೇಡಿ.

ತಪ್ಪಿದರೆ ಏನಾಗುತ್ತದೆ ಅನ್ನೋಕೆ 2013ರ ಬಾಸ್ಟನ್ ಉದಾಹರಣೆ ಇದೆ. ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ರೆಡಿಟ್‌ನಲ್ಲಿ ಜನ ಫೋಟೋ ಜೂಮ್ ಮಾಡಿ ಮಾಡಿ, ಅದಕ್ಕೂ ಮೊದಲೇ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ತಲೆಗೆ ಕಟ್ಟಿದರು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಮಗನನ್ನು ಹುಡುಕುತ್ತಿದ್ದ ಮನೆಯವರ ಮೇಲೆ ಬೈಗುಳದ ಮಳೆ ಸುರಿಯಿತು. ಆಮೇಲೆ ಅವನ ಶವ ಸಿಕ್ಕಿತು. ರೆಡಿಟ್ ಕ್ಷಮೆ ಕೇಳಿತು. ಅಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಶುರು ಮಾಡಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸೋದು.

ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ ಮೂರು ಅಂಕಣ. ಕಣ್ಣಿಗೆ ಕಂಡಿದ್ದು, ನಾನು ಊಹಿಸಿದ್ದು, ನನ್ನ ಊಹೆಯನ್ನು ಕೆಡಿಸಬಲ್ಲದ್ದು. ಮೂರನೆಯದು ಖಾಲಿ ಇದ್ದರೆ ನಾನು ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ. ಪ್ರಕಟಿಸುವ ಮೊದಲು ಇನ್ನೊಬ್ಬರಿಗೆ ಉತ್ತರ ಹೇಳದೆ ಬರೀ ಚಿತ್ರ ಕೊಟ್ಟು ಹುಡುಕಿಸುತ್ತೇನೆ. ಯುಸಿ ಬರ್ಕ್ಲಿಯ ಮಾನವ ಹಕ್ಕುಗಳ ಕೇಂದ್ರ ಮತ್ತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಸೇರಿ 2020ರಲ್ಲಿ ಹೊರತಂದ ಬರ್ಕ್ಲಿ ಪ್ರೋಟೋಕಾಲ್ (ಇಂಥ ತನಿಖೆಗಳ ಮಾರ್ಗಸೂಚಿ) ಓದಿ, ಉದ್ದ ಇದೆ, ಆದರೂ ಓದಿ. ಬೇಕಾದ್ದಕ್ಕಿಂತ ಜಾಸ್ತಿ ಮಾಹಿತಿ ಗುಡ್ಡೆ ಹಾಕಬೇಡ ಅನ್ನೋ ಪಾಠ ನನಗೆ ಸಿಕ್ಕಿದ್ದು ಅಲ್ಲೇ.

ನಿಮ್ಮ ಬಗ್ಗೆಯೂ ಜೋಪಾನ. ಈ ಕೆಲಸಕ್ಕೆ ಬೇರೆಯದೇ ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಯಾರ ಪುಟ ನೋಡಿದಿರಿ ಅಂತ ಅವರಿಗೇ ಗೊತ್ತಾಗಿಬಿಡಬಹುದು. ಹಿಂಸೆಯ ವಿಡಿಯೋ ನೋಡಲೇಬೇಕಾದರೆ ಸೌಂಡ್ ಆಫ್ ಮಾಡಿ, ವಿಂಡೋ ಚಿಕ್ಕದು ಮಾಡಿ ನೋಡಿ. ಕಣ್ಣಿಗಿಂತ ಕಿವಿಯಲ್ಲಿ ಕೇಳಿದ್ದೇ ರಾತ್ರಿ ಜಾಸ್ತಿ ಕಾಡುತ್ತದೆ, ನನ್ನ ಅನುಭವ.

ಅದೇ ಗೆಳೆಯ ಕೆಲವು ತಿಂಗಳಾದ ಮೇಲೆ ಇನ್ನೊಂದು ಬೇಡಿಕೆ ಇಟ್ಟ. ಅವನ ಬಗ್ಗೆ ಕೊಂಕು ಬರೆಯುತ್ತಿದ್ದ ಒಂದು ಅನಾಮಿಕ ಖಾತೆ, ಅದರ ಹಿಂದೆ ಯಾರಿದ್ದಾರೆ ಅಂತ ಹುಡುಕಿಕೊಡಬೇಕಂತೆ. ಆ ಖಾತೆಯ ಹೆಸರನ್ನೇ ಬೇರೆ ಸೈಟುಗಳಲ್ಲಿ ಹಾಕಿ ನೋಡಿದ್ದರೆ ಬಹುಶಃ ಸಿಗುತ್ತಿತ್ತು. ಹುಡುಕಲಿಲ್ಲ. ಆಗಲ್ಲ ಅಂದೆ, ಕೊಂಡಿ, ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದು ದೂರು ಕೊಡೋದು ಹೇಗೆ ಅಂತ ತೋರಿಸಿಕೊಟ್ಟೆ. ಅವನಿಗೆ ಸಿಟ್ಟು ಬಂತು, ಒಂದಷ್ಟು ದಿನ ಮಾತೇ ಇಲ್ಲ.

ಮೊನ್ನೆ ಮತ್ತೆ ಒಂದು ಸೆಲ್ಫಿ ಬಂದಿದೆ. ಈ ಸಲ ಕಿಟಕಿ ಬಿಟ್ಟು ಮೊದಲು ಟೀ ಶರ್ಟ್ ನೋಡಿದೆ. ಒಂದಕ್ಷರವೂ ಇಲ್ಲದ ಬಿಳೀ ಶರ್ಟು ಹಾಕಿಕೊಂಡಿದ್ದಾನೆ, ಬೇಕಂತಲೇ.